ಅಂಟಿಕೊಂಡ ಜೆಟ್ಟು

ಹೋದ ದೀಪಾವಳಿಗೆ ಊರಿಗೆ ಹೋಗಿ ವಾಪಸ್ ಬರುವಾಗ ಅಮ್ಮ ಕಟ್ಟಿಕೊಟ್ಟ ಚಕ್ಕುಲಿ, ಕೊಬ್ಬರಿ ಜೊತೆ ಇನ್ನೊಂದು ಡಬ್ಬಿ ತಂದೆ. ಅದರಲ್ಲಿದ್ದದ್ದು ಅಪ್ಪನ ಆರ್‌ಎಕ್ಸ್ 100 ಬೈಕಿನ ಕಾರ್ಬುರೇಟರ್.

ತಿಪಟೂರು ಹತ್ತಿರದ ನಮ್ಮನೆಯ ಕೊಬ್ಬರಿ ಅಟ್ಟದ ಕೆಳಗೆ ಆ ಬೈಕು ಒಂಬತ್ತು ವರ್ಷದಿಂದ ನಿಂತಿತ್ತು. ಅಪ್ಪ ತೋಟದಲ್ಲಿ ಬಿದ್ದು ಸೊಂಟ ಮುರ್ಕೊಂಡ ವರ್ಷ ನಿಂತಿದ್ದು, ಆಮೇಲೆ ಯಾರೂ ಮುಟ್ಟಿರಲಿಲ್ಲ. 1996ರಲ್ಲೇ ತಯಾರಿಕೆ ನಿಂತ ಗಾಡಿ, ಈಗ ಭಾರೀ ಬೇಡಿಕೆ. ಯಾರೋ ಬಂದು ಒಳ್ಳೇ ರೇಟೇ ಹೇಳಿ ಹೋಗಿದ್ರು. "ನೀನು ಇಲ್ಲಿರಲ್ಲ, ನನ್ ಕೈಲಿ ಆಗಲ್ಲ. ಕೊಟ್ಬಿಡಾಣ" ಅಂದ್ರು ಅಪ್ಪ. ಸಂಕ್ರಾಂತಿವರೆಗೆ ಟೈಮ್ ಕೊಡಿ, ಸ್ಟಾರ್ಟ್ ಮಾಡಿ ತೋರಿಸ್ತೀನಿ ಅಂದೆ. ಬಿ.ಇ. ಮಾಡಿದ್ದಕ್ಕೆ ಅಷ್ಟೂ ಬರದಿದ್ರೆ ಹೇಗೆ?

ಕಾರ್ಬುರೇಟರ್ ಅಂದ್ರೆ ಮುಷ್ಟಿಯಷ್ಟು ಲೋಹ. ಸೆನ್ಸರ್ ಇಲ್ಲ, ಕೋಡ್ ಇಲ್ಲ. ಗಾಳಿಗೆ ಪೆಟ್ರೋಲನ್ನು ಹದವಾಗಿ ಬೆರೆಸೋದಷ್ಟೇ ಅದರ ಕೆಲಸ. ಐಡ್ಲಿಂಗಿಗೆ ಪೈಲಟ್ ಜೆಟ್, ಪೂರ್ತಿ ಆಕ್ಸಿಲರೇಟರ್ ಕೊಟ್ಟಾಗ ಮೇನ್ ಜೆಟ್. ಎರಡೂ ಹಿತ್ತಾಳೆಯವು, ಸಣ್ಣ ತೂತಿನವು. ಒಳಗೆ ಉಳಿದ ಪೆಟ್ರೋಲ್ ವರ್ಷಗಟ್ಟಲೆ ಆರಿ ಆರಿ ಬೆಲ್ಲದ ಪಾಕದ ಹಾಗೆ ಅಂಟಾಗುತ್ತೆ. ಜೊತೆಗೆ ತೇವ ಸೇರಿದ್ರೆ ಬಿಳಿ ಪುಡಿಯಂಥ ಕಿಲುಬು.

ಬಾಲ್ಕನಿಯಲ್ಲಿ ಪೇಪರ್ ಹಾಸಿ ಕೂತೆ. ತಳದ ಬಟ್ಟಲಿನ ಮೊದಲ ಸ್ಕ್ರೂನಲ್ಲೇ ಡ್ರೈವರ್ ಜಾರಿತು. ಜೆ.ಸಿ. ರೋಡಿನ ಅಂಗಡಿಯವರು ನನ್ನ ಸ್ಕ್ರೂಡ್ರೈವರ್ ನೋಡಿ ನಕ್ಕರು. ಜಪಾನಿ ಮಾದರಿಯ ಸ್ಕ್ರೂ ತಲೆ ನೋಡೋಕೆ ಪ್ಲಸ್ಸೇ, ಆದ್ರೆ ಆಕಾರ ಒಂಚೂರು ಬೇರೆ. ಸಾಮಾನ್ಯ ಡ್ರೈವರ್ ಮೇಲಕ್ಕೆ ಜಿಗಿದು ತಲೆ ಸವೆಸಿಬಿಡುತ್ತೆ. ಸರಿಯಾದ ಡ್ರೈವರ್ ಇಟ್ಟು, ಮೇಲಿಂದ ಮೆಲ್ಲಗೆ ನಾಲ್ಕು ಏಟು ಕೊಟ್ಟು ತಿರುಗಿಸಿದ್ರೆ ಎಲ್ಲಾ ಬಂದ್ವು. ಫ್ಲೋಟಿನ ಪಿನ್ನೂ ಎಣ್ಣೆ ಕುಡಿದು ಒಂದು ರಾತ್ರಿ ಕಳೆದ ಮೇಲೆ ಬಂತು. ಅದನ್ನು ಹಿಡಿದಿರೋ ಪುಟ್ಟ ಕಂಬಕ್ಕೆ ಆಸರೆ ಕೊಡದೆ ಹೊಡೆದ್ರೆ ಕಂಬವೇ ಮುರಿಯುತ್ತೆ, ಅಲ್ಲಿಗೆ ಕಥೆ ಮುಗೀತು.

ಪೈಲಟ್ ಜೆಟ್ ಮಾತ್ರ ಬರಲಿಲ್ಲ. ಅದು ಸಣ್ಣ ಬಾವಿಯ ತಳದಲ್ಲಿ ಕೂತಿರುತ್ತೆ. ರಾತ್ರಿ ಹನ್ನೊಂದೂವರೆ, ಬೆಳಿಗ್ಗೆ ರಿಲೀಸ್ ಇತ್ತು, ಇವತ್ತೇ ಮುಗಿಸಬೇಕು ಅನ್ನೋ ಹಟ. ಕೈಗೆ ಸಿಕ್ಕ ಸಣ್ಣ ಡ್ರೈವರ್ ಇಟ್ಟು ಬಲವಾಗಿ ತಿರುಗಿಸಿದೆ. ಕೈಗೆ ಮೆತ್ತಗೆ ಅನ್ನಿಸ್ತು. ಬಂತು ಅಂದ್ಕೊಂಡೆ. ಬಂದಿದ್ದು ಜೆಟ್ಟಲ್ಲ, ಅದರ ತಲೆಯ ಗೀರಿನ ಅರ್ಧ ಭಾಗ.

ಎರಡು ದಿನ ಅಪ್ಪನಿಗೆ ಫೋನ್ ಮಾಡಲಿಲ್ಲ. ಮೂರನೇ ದಿನ ಹೇಳ್ದೆ.

"ಏನ್ ಅರ್ಜೆಂಟಿತ್ತೋ?" ಅಂದ್ರು. ಬೈಗುಳ ಅಷ್ಟೇ. ಆಮೇಲೆ ಹತ್ತು ನಿಮಿಷ ಮಾತಾಡಿದ್ರು. ಇತ್ತೀಚೆಗೆ ನಾವು ಫೋನಿನಲ್ಲಿ ಅಷ್ಟು ಹೊತ್ತು ಮಾತಾಡಿದ್ದೇ ಇಲ್ಲ. "ರಬ್ಬರೆಲ್ಲ ತೆಗ್ದಿಡು. ನೀರು ಕುದ್ಸಿ ಕೆಳಗಿಳ್ಸಿ ಅದರೊಳಕ್ಕೆ ಬಿಡು, ಬೆಂಕಿ ಹತ್ರ ತರ್ಬೇಡ. ಬಿಸಿ ಇದ್ದಂಗೇ ಮೊದ್ಲು ಒಂಚೂರು ಬಿಗಿ ಕಡೆ ತಿರುಗ್ಸು, ಆಮೇಲೆ ಬಿಚ್ಚೋ ಕಡೆ. ಬರ್ಲಿಲ್ಲ ಅಂದ್ರೆ ಎಣ್ಣೆ ಬಿಟ್ಟು ಮಲಕ್ಕೋ."

ಅಪ್ಪ ಕಾರಣ ಹೇಳಲಿಲ್ಲ, ಆಮೇಲೆ ನನಗೇ ಹೊಳೀತು: ಬಿಸಿಗೆ ಕಾರ್ಬುರೇಟರ್ ಮೈಯ ಲೋಹ ಹಿತ್ತಾಳೆಗಿಂತ ಜಾಸ್ತಿ ಹಿಗ್ಗುತ್ತೆ, ಹಿಡಿತ ಸಡಿಲವಾಗುತ್ತೆ. ಎಂಜಿನಿಯರಿಂಗ್‌ನಲ್ಲಿ ಓದಿ ಮಾರ್ಕ್ಸ್ ತಗೊಂಡ ಪಾಠವೇ ಅದು. ಇನ್ನೊಂದು ಡ್ರೈವರನ್ನು ಆ ಬಾವಿಯ ಅಗಲಕ್ಕೇ ಸರಿಯಾಗಿ ಉಜ್ಜಿ ಉಜ್ಜಿ ಹೊಂದಿಸಿದೆ. ನಾಲ್ಕು ರಾತ್ರಿ ಬಿಸಿನೀರು, ಎಣ್ಣೆ, ನಿದ್ದೆ. ನನ್ನ ಹೆಂಡತಿ ಆ ಪಾತ್ರೆಯನ್ನು ಅಡುಗೆಮನೆಗೆ ಮತ್ತೆ ಸೇರಿಸಲೇ ಇಲ್ಲ. ಐದನೇ ರಾತ್ರಿ 'ಟಿಕ್' ಅಂತ ಸದ್ದಾಯ್ತು, ಜೆಟ್ಟು ತಿರುಗಿತು.

ಗೀರು ಹಾಳಾದ ಜೆಟ್ಟನ್ನ ಎಸೆದು ಅದೇ ನಂಬರಿನ ಹೊಸದು ತಂದೆ. ಉಳಿದ ತೂತುಗಳನ್ನು ವೈರಿನೊಳಗಿನ ತಾಮ್ರದ ಎಳೆಯಿಂದ ಬಿಡಿಸಿದೆ. ಪಿನ್ನು, ಸೂಜಿ ಹಾಕಿದ್ರೆ ತೂತು ದೊಡ್ಡದಾಗಿ ಹದವೇ ಕೆಡುತ್ತೆ.

ಸಂಕ್ರಾಂತಿ ದಿನ ಬೆಳಿಗ್ಗೆ ಅಂಗಳದಲ್ಲಿ ಕಾರ್ಬುರೇಟರ್ ಕೂರಿಸ್ತಾ ಅಪ್ಪನನ್ನು ಕೇಳ್ದೆ: "ಪೆಟ್ರೋಲ್ ಕಾಕ್ ಮುಚ್ಚಿ, ಒಳಗಿದ್ದಿದ್ದನ್ನ ಖಾಲಿ ಮಾಡಿ ನಿಲ್ಸಿದ್ರೆ ಇಷ್ಟೆಲ್ಲ ಆಗ್ತಿರ್ಲಿಲ್ಲ. ಯಾಕೆ ಹಂಗೇ ಬಿಟ್ರಿ?"

ಅಪ್ಪ ವಾಕರ್ ಹಿಡಿದು ಜಗಲಿಯಲ್ಲಿ ಕೂತಿದ್ರು. "ನಾಳೆ ಓಡುಸ್ತೀನಿ ಅಂತ್ಲೇ ನಿಲ್ಸಿದ್ದು ಕಣೋ" ಅಂದ್ರು.

ನನಗೆ ಏನೂ ಹೇಳಕ್ಕಾಗ್ಲಿಲ್ಲ. ತಲೆ ಬಗ್ಗಿಸಿ ನಟ್ಟು ಬಿಗಿ ಮಾಡಿದೆ.

ಹದಿನಾಲ್ಕನೇ ಕಿಕ್ಕಿಗೆ ಗಾಡಿ ಸ್ಟಾರ್ಟ್ ಆಯ್ತು. ಅಂಗಳದ ತುಂಬಾ ಹೊಗೆ, ಅಮ್ಮನ ಬೈಗುಳ. ಅಪ್ಪ ಕಣ್ಣು ಮುಚ್ಚಿ ಒಂದು ನಿಮಿಷ ಆ ಸದ್ದು ಕೇಳಿದ್ರು.

"ಐಡ್ಲಿಂಗ್ ಜಾಸ್ತಿ ಐತೆ. ಕಮ್ಮಿ ಮಾಡು," ಅಂದ್ರು. "ಇನ್ನೊಂಚೂರು... ಹಾಂ, ಸಾಕು."

ಗಾಡಿ ಮಾರೋ ಮಾತು ಆಮೇಲೆ ಇಬ್ಬರೂ ಎತ್ತಿಲ್ಲ.