ಕರಿದ ಎಣ್ಣೆಯ ಹುಚ್ಚು

ಕರಿದ ಎಣ್ಣೆಯನ್ನು ಮೂಸಿದರೆ ಅದರ ಪೂರ್ವಕಥೆ ಅರ್ಧ ತಿಳಿಯುತ್ತದೆ. ಯಲಹಂಕದ ಸಂಜೆಯ ಬಜ್ಜಿ ಅಂಗಡಿಯ ಎಣ್ಣೆಗೆ ಓಂಕಾಳು, ಮೆಣಸಿನಕಾಯಿಯ ಘಾಟು. ಯಶವಂತಪುರದ ಪೂರಿ ಹೋಟೆಲಿನದು ತಿಳಿ ಬಣ್ಣ, ತಳದಲ್ಲಿ ಮಾತ್ರ ಹಿಟ್ಟಿನ ಗಸಿ. ಆರ್.ಟಿ. ನಗರದ ಕಬಾಬ್ ಅಂಗಡಿಯದು ಮಸಾಲೆ ಮೆತ್ತಿದ ಕಡುಗೆಂಪು. ಮನೆಯಲ್ಲಿ ದೀಪಾವಳಿಗೆ ಚಕ್ಕುಲಿ ಕರಿದು ಉಳಿದದ್ದೇ ಇವುಗಳಲ್ಲೆಲ್ಲ ಸಂಭಾವಿತ. ಇವನ್ನು ಕ್ಯಾನುಗಳಲ್ಲಿ ಹೊತ್ತು ತಂದು ತಾರಸಿಯ ಮೇಲೆ ಬಯೋಡೀಸೆಲ್ ಮಾಡುವುದು ನನ್ನ ಭಾನುವಾರಗಳ ಹುಚ್ಚು.

“ಏನ್ ಸಾರ್, ಸೋಪ್ ಮಾಡ್ತೀರಾ?” ಎಂದು ಬಜ್ಜಿ ಅಂಗಡಿಯಾಕೆ ಕೇಳಿದ್ದುಂಟು.

“ಇಲ್ಲಮ್ಮ, ಜೀಪಿಗೆ ಹಾಕ್ತೀನಿ.”

ಪಕ್ಕದಲ್ಲಿ ತಿನ್ನುತ್ತಿದ್ದವರು ಜೀಪನ್ನೂ ನನ್ನನ್ನೂ ಸರದಿಯಂತೆ ನೋಡಿದರು. ಆಕೆಯ ಊಹೆ ತೀರಾ ತಪ್ಪಲ್ಲ. ಎಣ್ಣೆಗೆ ಕಾಸ್ಟಿಕ್ ಸೋಡಾ ಹೆಚ್ಚಾದರೆ, ನೀರು ಸೇರಿಕೊಂಡರೆ, ಆಗುವುದು ಸೋಪೇ. ಆಗದಂತೆ ನೋಡಿಕೊಳ್ಳುವುದರಲ್ಲೇ ಈ ಕಸುಬಿನ ಮಜಾ.

ಮೊದಲು ಹಳೇ ಪಂಚೆಯಲ್ಲಿ ಸೋಸಬೇಕು. ಆಮೇಲೆ ನೀರು ಹೋಗುವಷ್ಟು ಕಾಯಿಸಬೇಕು. ಬೆಣ್ಣೆ ಕಾಯಿಸುವಾಗ ಅಮ್ಮ ಪಾತ್ರೆಯೊಳಗೆ ಇಣುಕುತ್ತಿರಲಿಲ್ಲ, ಬರೀ ಕಿವಿಗೊಡುತ್ತಿದ್ದಳು; ಚಟಪಟ ನಿಂತಿತೆಂದರೆ ತುಪ್ಪ ಆಯಿತೆಂದು ಲೆಕ್ಕ. ನನ್ನ ಎಣ್ಣೆಯೂ ಅದೇ ಭಾಷೆಯಲ್ಲಿ ಹೇಳುತ್ತದೆ.

ಮುಂದಿನದು ಕಣ್ಣಿನ ಕೆಲಸ. ಕರಿದಷ್ಟೂ ಎಣ್ಣೆಯಲ್ಲಿ ಹುಳಿಯಂಶ ಏರುತ್ತದೆ. ಹೊಸ ಎಣ್ಣೆಗಾದರೆ ಲೀಟರಿಗೆ ಸುಮಾರು 3.5 ಗ್ರಾಂ ಕಾಸ್ಟಿಕ್ ಸೋಡಾ ಸಾಕು. ಹಳೆಯದಕ್ಕೆ ಹುಳಿ ಮುರಿಯಲು ಇನ್ನಷ್ಟು ಬೇಕು. ಎಷ್ಟು ಎಂದು ತಿಳಿಯಲು ಒಂದು ಮಿ.ಲೀ. ಎಣ್ಣೆಯನ್ನು 10 ಮಿ.ಲೀ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಕದಡಿ, ಲೀಟರ್ ನೀರಿಗೆ ಒಂದು ಗ್ರಾಂ ಸೋಡಾ ಕರಗಿಸಿದ ದ್ರಾವಣವನ್ನು ಹನಿಹನಿಯಾಗಿ ಬಿಡುತ್ತೇನೆ. ಪ್ರಯೋಗಾಲಯದವರು ಇದಕ್ಕೆ ಫಿನಾಲ್ಫ್ತಲೀನ್ ಬಳಸುತ್ತಾರೆ; ನನಗೆ ಒಂದು ಚಿಟಿಕೆ ಅರಿಶಿನವೇ ಆಗುತ್ತದೆ. ಆರತಿಯ ನೀರಿನಲ್ಲಿ ಅರಿಶಿನಕ್ಕೆ ಸುಣ್ಣ ಬೆರೆಸಿ ಕೆಂಪು ಬರಿಸುವವರಿಗೆಲ್ಲ ಈ ರಸಾಯನಶಾಸ್ತ್ರ ಹಳೆಯದು. ಹಳದಿ ಕೆಂಪಾಗುವಷ್ಟರಲ್ಲಿ ಎಷ್ಟು ಮಿ.ಲೀ. ಇಳಿಯಿತೋ, ಲೀಟರ್ ಎಣ್ಣೆಗೆ ಅಷ್ಟು ಗ್ರಾಂ ಸೋಡಾ ಹೆಚ್ಚುವರಿ. ಐದಾರು ದಾಟಿದ ಎಣ್ಣೆಯನ್ನು ನಾನು ಮುಟ್ಟುವುದಿಲ್ಲ. ಅದು ಸೋಪಾಗಲಿಕ್ಕೇ ಹುಟ್ಟಿದ್ದು.

ಮೂಗು, ಕಿವಿ, ಕಣ್ಣುಗಳನ್ನು ಇಲ್ಲಿಯವರೆಗೆ ನಂಬಬಹುದು. ಆ ಸೋಡಾವನ್ನು ಕರಗಿಸಿಕೊಂಡು ಲೀಟರ್ ಎಣ್ಣೆಗೆ 200 ಮಿ.ಲೀ.ನಂತೆ ಬೀಳುವ ಮೆಥನಾಲ್ ಬಂದೊಡನೆ ಮೂರನ್ನೂ ನಂಬುವಂತಿಲ್ಲ. ಅದಕ್ಕೆ ಬಣ್ಣವಿಲ್ಲ, ವಾಸನೆ ಹೆಂಡದ್ದೇ, ಹೊತ್ತಿಕೊಂಡರೆ ಹಗಲಲ್ಲಿ ಜ್ವಾಲೆಯೂ ಸರಿಯಾಗಿ ಕಾಣದು. ಒಳಗೆ ಹೋದರೆ ಮೊದಲು ಕಣ್ಣು, ಆಮೇಲೆ ಪ್ರಾಣ. 1981ರಲ್ಲಿ ಇದೇ ಬೆಂಗಳೂರಿನಲ್ಲಿ ಮೆಥನಾಲ್ ಬೆರೆತ ಸಾರಾಯಿ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತರು. ಹಾಗಾಗಿ ಬಯಲು ತಾರಸಿ, ಕೈಗವಸು, ಕನ್ನಡಕ, ಮುಚ್ಚಿದ ಪಾತ್ರೆ. ಹತ್ತಿರದಲ್ಲಿ ಬೆಂಕಿಯೂ ಇಲ್ಲ, ಮಕ್ಕಳೂ ಇಲ್ಲ. ಎಣ್ಣೆಯ ಬಿಸಿ 55 ಡಿಗ್ರಿ ದಾಟಕೂಡದು. 65ರ ಸುಮಾರಿಗೆ ಮೆಥನಾಲ್ ಕುದಿದು ಆವಿಯಾಗುತ್ತದೆ.

ಒಂದು ಗಂಟೆ ಕಲಕಿ ನಿಲ್ಲಿಸಿದರೆ ಮಿಕ್ಕದ್ದು ತನ್ನಷ್ಟಕ್ಕೆ ನಡೆಯುತ್ತದೆ. ಕಾಫಿ ಕುಡಿದು ಬರುವಷ್ಟರಲ್ಲಿ ಕಂದು ಗ್ಲಿಸರಿನ್ ತಳಕ್ಕಿಳಿಯತೊಡಗುತ್ತದೆ. ಬೆಳಗಾದರೆ ಮೇಲೆ ಹೊಂಬಣ್ಣ, ಕೆಳಗೆ ಕಪ್ಪು, ನಡುವೆ ಗೆರೆ ಎಳೆದ ಹಾಗೆ. ಮೇಲಿನದನ್ನು ಬೇರ್ಪಡಿಸಿ ನೀರಿನಲ್ಲಿ ತೊಳೆಯುತ್ತೇನೆ. ಮೊದಲ ನೀರು ಹಾಲಿನಂತೆ ಬಿಳಿ. ಹಾಕಿದ ನೀರು ಹಾಕಿದ ಹಾಗೇ ಹೊರಬಂದಾಗ ತೊಳೆದದ್ದು ಸಾಕು. ಒಣಗಿದ ಮೇಲೆ ಜಾಡಿಯ ಹಿಂದೆ ದಿನಪತ್ರಿಕೆ ಹಿಡಿದು ಓದಿ ನೋಡುತ್ತೇನೆ. ಅಕ್ಷರ ಮಸುಕಾದರೆ ಇನ್ನೂ ನೀರಿದೆ.

1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲೇ ಡೀಸೆಲ್ ಎಂಜಿನ್ನೊಂದು ಕಡಲೆಕಾಯಿ ಎಣ್ಣೆಯಲ್ಲಿ ಓಡಿತ್ತು. ನಮ್ಮ ಹೆಬ್ಬಾಳದಾಚೆಯ ಜಿಕೆವಿಕೆಯ ಕೃಷಿ ವಿಶ್ವವಿದ್ಯಾಲಯದವರು ಹಾಸನ ಬಳಿಯ ಮಡೆನೂರಿನಲ್ಲಿ ಜೈವಿಕ ಇಂಧನ ಉದ್ಯಾನವನ್ನೇ ಮಾಡಿ ಹೊಂಗೆಯನ್ನು ಎಂಜಿನ್ನಿಗೆ ಒಗ್ಗಿಸಿದ್ದಾರೆ. 2018ರ ಜುಲೈ 1ರಿಂದ, ಧ್ರುವೀಯ ಸಂಯುಕ್ತಗಳು ಶೇ. 25 ದಾಟಿದ ಎಣ್ಣೆಯಲ್ಲಿ ಕರಿಯಬಾರದೆಂಬ ನಿಯಮ ದೇಶಕ್ಕೆಲ್ಲ ಬಂತು. ಅದೇ ವರ್ಷ ಆಹಾರ ಸುರಕ್ಷತಾ ಪ್ರಾಧಿಕಾರ ಅಂಥ ಎಣ್ಣೆಯನ್ನು ಬಯೋಡೀಸೆಲ್ಲಿಗೆ ತಿರುಗಿಸುವ ‘ರುಕೊ’ ಯೋಜನೆಯನ್ನೂ ತಂದಿತು. ನನ್ನ ಕ್ಯಾನಿಗೆ ಬೀಳದ ಎಣ್ಣೆ ಇನ್ನೊಂದು ತಳ್ಳುಗಾಡಿಯ ಬಾಣಲೆಗೆ ಬೀಳುವುದುಂಟು ಎಂಬುದು ಗೊತ್ತಿದ್ದವರಿಗೆ ಇದರ ಬೆಲೆ ಗೊತ್ತು.

ಪಾಮಾಯಿಲಿನ ಡೀಸೆಲ್ಲಿಗೆ ಮಾತ್ರ ಯಲಹಂಕದ ಧನುರ್ಮಾಸ ಆಗಿಬರದು. ಹದಿನೈದು ಡಿಗ್ರಿಯ ಆಸುಪಾಸಿನಲ್ಲೇ ಮಂಕಾಗಿ ಹೆಪ್ಪಿಗೆ ತಯಾರಾಗುತ್ತದೆ. ಆ ತಿಂಗಳು ಸೂರ್ಯಕಾಂತಿ ಎಣ್ಣೆಯವರ ಬೆನ್ನು ಹತ್ತುತ್ತೇನೆ. ಬಂಕಿನ ಡೀಸೆಲ್ಲಿಗೆ ಐದರಲ್ಲೊಂದು ಪಾಲು ಬೆರೆಸಿ ಹೊರಟರೆ, ಹೆಬ್ಬಾಳದ ಮೇಲ್ಸೇತುವೆಯಲ್ಲಿ ಹಿಂದೆ ಸಿಕ್ಕಿಕೊಂಡ ಬೈಕಿನವನಿಗೆ ಸುಮ್ಮನೆ ಹಸಿವಾಗುತ್ತದೆ.

ಲಾಭವೆಷ್ಟು ಎಂದು ನೆರೆಯವರು ಕೇಳುತ್ತಿದ್ದರು. ಮೆಥನಾಲು, ಕರೆಂಟು, ನನ್ನ ಭಾನುವಾರ ಕೂಡಿಸಿದರೆ ಹೇಳಿಕೊಳ್ಳುವಂಥದ್ದೇನಿಲ್ಲ. ಆದರೆ ಯಾವ ಅಂಗಡಿಯವರು ಹೊತ್ತಿಗೆ ಸರಿಯಾಗಿ ಎಣ್ಣೆ ಬದಲಿಸುತ್ತಾರೆ, ಯಾರು ಹಿಂಡಿ ಹಿಪ್ಪೆ ಮಾಡುತ್ತಾರೆ ಎಂಬುದು ನನ್ನ ಅರಿಶಿನಕ್ಕೆ ಗೊತ್ತು. ಎರಡೇ ಮಿ.ಲೀ.ಗೆ ಕೆಂಪಾದ ಅಂಗಡಿಯಲ್ಲಿ ನಿಶ್ಚಿಂತೆಯಿಂದ ತಟ್ಟೆ ಚಾಚುತ್ತೇನೆ. ಈಗ ನೆರೆಯವರೂ ಡೀಸೆಲ್ಲಿನ ಲೆಕ್ಕ ಬಿಟ್ಟು, ಈ ವಾರ ಯಾರ ಹತ್ತಿರ ಬಜ್ಜಿ ತಿನ್ನಬಹುದು ಎಂದಷ್ಟೇ ಕೇಳುತ್ತಾರೆ.