ಪ್ರಿಂಟರ್ ಜೋಡಿಸುವ ಸುಖ

ನನಗೆ ಲಿನಕ್ಸ್ ಕಂಪ್ಯೂಟರಿಗೆ ಪ್ರಿಂಟರ್ ಜೋಡಿಸುವುದೆಂದರೆ ಪ್ರಾಣ. ನಮ್ಮೂರು ಸಾಲಗುಂದದಲ್ಲಿ ಯಾರ ಅಂಗಡಿಗಾದರೂ ಹೊಸ ಪ್ರಿಂಟರಿನ ಡಬ್ಬ ಬಂತೆಂದು ಕಿವಿಗೆ ಬಿದ್ದರೆ ಸಾಕು, ಕರೆಯದಿದ್ದರೂ ಹೋಗಿ ನಿಲ್ಲುತ್ತೇನೆ. ಡಬ್ಬದ ಮೇಲೆ ವಿಂಡೋಸ್ ಹೆಸರು ದಪ್ಪಗೆ ಇರುತ್ತದೆ, ಲಿನಕ್ಸಿನದು ಎಷ್ಟೋ ಸಲ ಇರುವುದೇ ಇಲ್ಲ. ಹೆಸರಿಲ್ಲವೆಂದ ಮಾತ್ರಕ್ಕೆ ಕೆಲಸವಾಗದೆಂದೇನೂ ಅಲ್ಲ. ಆ ಕೆಲಸವನ್ನು ಆಗಿಸುವುದರಲ್ಲೇ ನನ್ನ ಸಂತೋಷವಿದೆ.

ನಾನು ಪ್ರೌಢಶಾಲೆಯ ಗಣಿತ ಮಾಸ್ತರ. ರಾಜ್ಯದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯಾದ ಡಿಎಸ್‌ಇಆರ್‌ಟಿ ಹಾಗೂ ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ಸರ್ಕಾರಿ ಪ್ರೌಢಶಾಲಾ ಶಿಕ್ಷಕರಿಗೆ ನಡೆಸಿದ ವಿಷಯ ಶಿಕ್ಷಕರ ವೇದಿಕೆಯ ತರಬೇತಿಯಲ್ಲಿ ಲಿನಕ್ಸಿನ ಒಂದು ಬಗೆಯಾದ ಉಬುಂಟು ನನ್ನ ಕೈಗೆ ಬಂತು. ಜೊತೆಗಿದ್ದವರು ಜಿಯೋಜೀಬ್ರಾದಲ್ಲಿ ತ್ರಿಕೋನ ಎಳೆಯುತ್ತಿದ್ದರು. ನನ್ನ ಲಕ್ಷ್ಯವೆಲ್ಲ ಕೋಣೆಯ ಮೂಲೆಯ ಪ್ರಿಂಟರಿನ ಮೇಲೆ. ಪರದೆಯ ಮೇಲಿನ ತ್ರಿಕೋನ ಕಾಗದಕ್ಕೆ ಹೇಗೆ ಇಳಿಯುತ್ತದೆ ಎಂಬ ಕುತೂಹಲ ಅಂದು ಹತ್ತಿದ್ದು ಇನ್ನೂ ಬಿಟ್ಟಿಲ್ಲ.

ಎಚ್‌ಪಿ ಕಂಪನಿಯವರೇ ಲಿನಕ್ಸಿಗೆಂದು ಎಚ್‌ಪಿಲಿಪ್ ಎಂಬ ತಂತ್ರಾಂಶ ಕೊಡುತ್ತಾರೆ. ಅದರಲ್ಲಿ ಚಿತ್ರ, ಗುಂಡಿಗಳಿರುವ ಕಿಟಕಿಯೂ ಇದೆ. ನನಗೆ ಮಾತ್ರ ಟರ್ಮಿನಲ್ಲಿನ ಕಪ್ಪು ಪರದೆಯೇ ಇಷ್ಟ. ಮೊದಲು ಪ್ರಿಂಟರಿನಿಂದ ಅದರ ಸ್ವಂತ ವಿವರಗಳ ಹಾಳೆಯೊಂದನ್ನು ತೆಗೆಸುತ್ತೇನೆ. ಅದರ ನೆಟ್‌ವರ್ಕ್ ವಿಳಾಸ, ಅಂದರೆ 192.168 ಎಂದು ಶುರುವಾಗುವ ಅಂಕಿಗಳು, ಆ ಹಾಳೆಯಲ್ಲಿರುತ್ತವೆ. ಆಮೇಲೆ ಎಚ್‌ಪಿ-ಸೆಟಪ್ -i ಎಂದು ಬರೆದು, ಪಕ್ಕದಲ್ಲಿ ಆ ವಿಳಾಸ ಕೊಟ್ಟು ಎಂಟರ್ ಒತ್ತಿದರೆ ಅದು ಒಂದೊಂದಾಗಿ ಕೇಳತೊಡಗುತ್ತದೆ. ಸರದಿಗೆ, ಅಂದರೆ ಮುದ್ರಣದ ಕೆಲಸಗಳು ಕಾಯುವ ಸಾಲಿಗೆ, ಏನು ಹೆಸರಿಡಬೇಕು? ಈ ಮಾದರಿಯ ಗುಣಗಳನ್ನು ಹೇಳುವ ಈ ಪಿಪಿಡಿ ಕಡತ ಸಿಕ್ಕಿದೆ, ಇದೇ ಸರಿಯೇ? ಪ್ರಿಂಟರ್ ಇರುವ ಜಾಗ ಯಾವುದು? ಬೇರೆ ಟಿಪ್ಪಣಿ ಏನಾದರೂ ಇದೆಯೇ? ಕೊನೆಗೆ, ಪರೀಕ್ಷಾ ಪುಟ ತೆಗೆಯಲೇ? ಪ್ರತಿ ಪ್ರಶ್ನೆಗೂ ನಿಂತು ಉತ್ತರಕ್ಕೆ ಕಾಯುವ ಆ ಸಾವಧಾನ ನನಗೆ ತುಂಬ ಹಿಡಿಸುತ್ತದೆ. ಅದೇ ಕಿಟಕಿಯಲ್ಲಾದರೆ ಮುಂದೆ, ಮುಂದೆ ಎಂದು ಒತ್ತುತ್ತಾ ಹೋಗುತ್ತೇವೆ, ಏನು ಒಪ್ಪಿಕೊಂಡೆವೆಂಬುದೇ ತಿಳಿಯುವುದಿಲ್ಲ.

ಬ್ರದರ್ ಕಂಪನಿಯದು ಬೇರೆ ರೀತಿ. ಅವರ ಇನ್‌ಸ್ಟಾಲರ್ ಮಾದರಿಯ ಹೆಸರು ಕೇಳಿ, ಬೇಕಾದ ಕಡತಗಳನ್ನು ತಾನೇ ಇಳಿಸಿಕೊಳ್ಳುತ್ತದೆ. ಆಮೇಲೆ ಸಾಧನದ ವಿಳಾಸವನ್ನು ನೀವೇ ಹೇಳುತ್ತೀರಾ ಎಂದು ಕೇಳುತ್ತದೆ. ಯುಎಸ್‌ಬಿ ವೈರಾದರೆ ಇಲ್ಲ ಎನ್ನಬೇಕು, ನೆಟ್‌ವರ್ಕಾದರೆ ಹೌದು ಎನ್ನಬೇಕು. ಹೊಸಬರು ಸಿಕ್ಕಿಬೀಳುವುದು ಇಲ್ಲೇ.

ಹೆಸರಿಡುವ ಹೊತ್ತು ನನಗೆ ಅಚ್ಚುಮೆಚ್ಚು. ಸರದಿಯ ಹೆಸರಿನ ನಡುವೆ ಖಾಲಿ ಜಾಗ ಇರಬಾರದು, ಓರೆಗೆರೆ ಇರಬಾರದು, ಹ್ಯಾಶ್ ಗುರುತೂ ಇರಬಾರದು. ಸುಮ್ಮನೆ ಬಿಟ್ಟರೆ ಮಾದರಿಯ ಉದ್ದನೆಯ ಹೆಸರನ್ನೇ ತಂತ್ರಾಂಶ ಹಾಕಿಕೊಳ್ಳುತ್ತದೆ, ನಾನು ಬಿಡುವುದಿಲ್ಲ. ಪಕ್ಕದಲ್ಲಿ ಕೂತ ಮಕ್ಕಳನ್ನು ಕೇಳುತ್ತೇನೆ. "ಸಾಲಿ ಅಂತ ಇಡ್ರಿ ಸರ, ಎಲ್ಲಾರಿಗೂ ತಿಳೀತದ" ಅಂದಳು ಒಬ್ಬಳು. ಅದೇ ಹೆಸರಿಟ್ಟೆ. ಈಗ ಶಾಲೆಯ ಲ್ಯಾಬಿನ ಯಾವ ಕಂಪ್ಯೂಟರಿನಲ್ಲಿ ಪ್ರಿಂಟ್ ಕೊಟ್ಟರೂ ಮೊದಲು ಕಾಣುವುದು ಸಾಲಿ.

ಕಂಪನಿಯ ತಂತ್ರಾಂಶ ಇಷ್ಟೆಲ್ಲ ಕೇಳಿದ ಮೇಲೆ ನಿಜವಾಗಿ ಮಾಡುವುದು ಸಣ್ಣ ಕೆಲಸ. ಕಪ್ಸ್ ಎಂಬ ವ್ಯವಸ್ಥೆಗೆ ಒಂದು ಸರದಿ, ಒಂದು ವಿಳಾಸ, ಒಂದು ಪಿಪಿಡಿ ಕಡತ ಒಪ್ಪಿಸುವುದು, ಅಷ್ಟೇ. ಮೈಕೆಲ್ ಸ್ವೀಟ್ ಎಂಬವರು ಬರೆದ ಈ ಕಪ್ಸ್ 1999ರಲ್ಲಿ ಹೊರಬಂತು. ಅದಕ್ಕೂ ಮೊದಲು, ಲಿನಕ್ಸಿಗೆ ಮಾದರಿಯಾದ ಯುನಿಕ್ಸ್‌ಗಳಲ್ಲೇ ಎರಡು ದಾರಿಗಳಿದ್ದವು: ಬರ್ಕ್ಲಿಯ ಎಲ್‌ಪಿಆರ್ ಒಂದು, ಸಿಸ್ಟಂ ಫೈವ್‌ನ ಎಲ್‌ಪಿ ಇನ್ನೊಂದು. ಆ ಕಾಲದಲ್ಲಿ ಎಚ್‌ಪಿ-ಯುಎಕ್ಸ್ ಮತ್ತು ಸೋಲಾರಿಸ್ ಎಂಬ ಯುನಿಕ್ಸ್‌ಗಳನ್ನು ನಡೆಸುವವರಿಗೆಂದು ಎಚ್‌ಪಿ ಜೆಟ್‌ಡೈರೆಕ್ಟ್ ಪ್ರಿಂಟರ್ ಇನ್‌ಸ್ಟಾಲರ್ ಎಂಬ ಉಪಕರಣವಿತ್ತು. ಸರದಿ ಮಾಡುವುದು, ಪರೀಕ್ಷಾ ಪುಟ ಕಳಿಸುವುದು ಅದರಲ್ಲೂ ಇದ್ದವು. ಯುನಿಕ್ಸ್ ಅನ್ನ ಗಳಿಸಿದ್ದೇ ಮುದ್ರಣದಿಂದ ಎಂಬುದು ನನಗೆ ಬಹಳ ಹೆಮ್ಮೆಯ ವಿಷಯ. 1971ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಅದನ್ನು ಮೊದಲು ನಿತ್ಯದ ಕೆಲಸಕ್ಕೆ ಹಚ್ಚಿದವರು ಪೇಟೆಂಟ್ ವಿಭಾಗದ ಬೆರಳಚ್ಚುಗಾರರು. ಅರ್ಜಿಗಳನ್ನು ಅಚ್ಚುಕಟ್ಟಾಗಿ ಜೋಡಿಸಿ ಕಾಗದಕ್ಕೆ ಇಳಿಸುವುದೇ ಅದರ ಕೆಲಸವಾಗಿತ್ತು.

ನಮ್ಮದು ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆ, ಸರದಿ ಎಂದರೇನೆಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಮೇಲಿನವರು ಗದ್ದೆ ತುಂಬಿಸಿಕೊಳ್ಳುವವರೆಗೆ ಕೊನೆಭಾಗದ ರೈತ ಕಾಯುವಂತೆ, ಮೊದಲು ಬಂದ ಕಡತ ಮುಗಿಯುವವರೆಗೆ ಉಳಿದವು ಕಪ್ಸ್ ಸರದಿಯಲ್ಲಿ ಕಾಯುತ್ತವೆ. ಎಲ್‌ಪಿಸ್ಟ್ಯಾಟ್ -o ಎಂದು ಒತ್ತಿದರೆ ಯಾರದು ಎಲ್ಲಿ ನಿಂತಿದೆ ಎಂಬುದು ಪರದೆಯ ಮೇಲೆ ಕಾಣುತ್ತದೆ.

ಕರೆಂಟು ಹೋಗಿ ಬರುವ ಊರಿನಲ್ಲಿ ನೆಟ್‌ವರ್ಕ್ ಪ್ರಿಂಟರಿನ ವಿಳಾಸ ಬದಲಾಗುವ ಸಂಭವ ಹೆಚ್ಚು. ರೂಟರ್ ಮತ್ತೆ ಎದ್ದಾಗ ಬೇರೆ ಅಂಕಿ ಕೊಟ್ಟಿರುತ್ತದೆ, ಕಂಪ್ಯೂಟರ್ ಹಳೆಯ ಅಂಕಿಯ ಬಾಗಿಲನ್ನೇ ಬಡಿಯುತ್ತಿರುತ್ತದೆ. "ಸರ, ನಿನ್ನೆ ಬರ್ತಿತ್ತು, ಇವತ್ತ ಬರವಲ್ದು" ಎಂಬ ಫೋನಿಗೆ ಬಹುಪಾಲು ಇದೇ ಕಾರಣ. ಅದಕ್ಕೆ ನಾನು ಎಲ್ಲಿ ಹೋದರೂ ಮೊದಲು ರೂಟರಿನಲ್ಲಿ ಪ್ರಿಂಟರಿಗೆ ಒಂದೇ ವಿಳಾಸ ಕಾಯಂ ಮಾಡಿಸುತ್ತೇನೆ, ಆ ಅಂಕಿಯನ್ನು ಚೀಟಿಯ ಮೇಲೆ ಬರೆದು ಪ್ರಿಂಟರಿನ ಬೆನ್ನಿಗೆ ಅಂಟಿಸುತ್ತೇನೆ. ಲೇಸರ್ ಪ್ರಿಂಟರನ್ನು ಸಣ್ಣ ಇನ್ವರ್ಟರಿಗೆ ಹಾಕಬೇಡಿ ಎಂದೂ ಹೇಳಿ ಬರುತ್ತೇನೆ. ಪುಡಿಯನ್ನು ಕಾಗದಕ್ಕೆ ಕರಗಿಸುವ ಫ್ಯೂಸರ್ ಕಾಯುವಾಗ ಎಳೆಯುವ ಕರೆಂಟು ಕಡಿಮೆಯದಲ್ಲ.

ಝೆರಾಕ್ಸ್ ಅಂಗಡಿಯ ಗೆಳೆಯನಲ್ಲಿ ಲೇಸರ್‌ಜೆಟ್ 1020 ಇದೆ. ಅದಕ್ಕೆ ನೆಟ್‌ವರ್ಕ್ ಇಲ್ಲ, ಯುಎಸ್‌ಬಿ ಮಾತ್ರ. ಸ್ವಂತ ನೆನಪೂ ಇಲ್ಲ: ಪ್ರತಿ ಸಲ ಆರಿಸಿ ಹಚ್ಚಿದಾಗ ಕಂಪ್ಯೂಟರು ಅದಕ್ಕೆ ಫರ್ಮ್‌ವೇರ್ ಕಳಿಸಬೇಕು. ಎಚ್‌ಪಿಲಿಪ್‌ನ ಬಹುಭಾಗದ ಮೂಲ ಬರಹ ಎಲ್ಲರಿಗೂ ತೆರೆದಿದೆ, ಈ 1020ರಂಥವಕ್ಕೆ ಬೇಕಾದ ಪ್ಲಗಿನ್ ಮಾತ್ರ ಮುಚ್ಚಿದ್ದು, ಅದನ್ನು ಬೇರೆಯಾಗಿ ಇಳಿಸಿಕೊಳ್ಳಬೇಕು. ಅದೂ ತೆರೆದಿರಬೇಕಿತ್ತು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಪ್ಲಗಿನ್ ಹಾಕಿ, ಕಪ್ಸ್‌ನಲ್ಲಿ ಹಂಚಿಕೆಗೆ ಒಪ್ಪಿಗೆ ಕೊಟ್ಟೆ. ಈಗ ಪಕ್ಕದ ಕೋಣೆಯ ಹಳೆಯ ಲ್ಯಾಪ್‌ಟಾಪ್ 631ನೇ ಪೋರ್ಟಿನ ಮೂಲಕ ಅದೇ ಪ್ರಿಂಟರಿಗೆ ಪಹಣಿ ಕಳಿಸುತ್ತದೆ. ವಿದ್ಯಾರ್ಥಿವೇತನದ ಸಮಯದಲ್ಲಿ ಜಾತಿ, ಆದಾಯ ಪ್ರಮಾಣಪತ್ರಗಳಿಗೆ ಜನ ಮುಗಿಬೀಳುವಾಗ ಎರಡೂ ಕಂಪ್ಯೂಟರಿನ ಕೆಲಸ ಒಂದೇ ಸರದಿಗೆ ಬಂದು ಸೇರುತ್ತದೆ.

ಕಂಪನಿಯ ಪರೀಕ್ಷಾ ಪುಟ ಬಂದರೂ ನನಗೆ ಸಮಾಧಾನವಿಲ್ಲ, ಕನ್ನಡದ ಹಾಳೆಯೊಂದು ಬರಲೇಬೇಕು. ಅಕ್ಷರದ ರೂಪಗಳನ್ನೆಲ್ಲ ಒಳಗೇ ಇಟ್ಟುಕೊಂಡಿದ್ದ ಹಳೆಯ ಡಾಟ್ ಮ್ಯಾಟ್ರಿಕ್ಸ್‌ಗೆ ಬರೀ ಅಕ್ಷರಸಂಕೇತ ಕಳಿಸಿದರೆ ಕನ್ನಡ ಬರುತ್ತಿರಲಿಲ್ಲ. ಅದಕ್ಕೆಂದೇ ಸಿ-ಡ್ಯಾಕ್‌ನ ಜಿಸ್ಟ್ ಕಾರ್ಡಿನಂಥವು ಬೇಕಾಗುತ್ತಿದ್ದವು. ಈಗ ಕಾಗುಣಿತ, ಒತ್ತುಗಳ ಜೋಡಣೆ ಕಂಪ್ಯೂಟರಿನಲ್ಲೇ ಮುಗಿದು, ಪ್ರಿಂಟರಿಗೆ ಹೋಗುವುದು ಹೆಚ್ಚಾಗಿ ಚುಕ್ಕೆಗಳ ಚಿತ್ರವೇ. ಗುಬ್ಬಿ, ನವಿಲು ಎಂಬ ಮುಕ್ತ ಅಕ್ಷರವಿನ್ಯಾಸಗಳಲ್ಲಿ "ಸ್ತ್ರೀ", "ಕಾರ್ಯಕ್ಷೇತ್ರ", "ರಾಷ್ಟ್ರಾಧ್ಯಕ್ಷ" ಎಂದು ಬರೆದು ಒತ್ತುವುದು ನನ್ನ ರೂಢಿ. ಹಾಳೆ ಬೆಚ್ಚಗೆ ಹೊರಬಂದ ಕೂಡಲೇ ಬೆಳಕಿಗೆ ಹಿಡಿದು, ಎರಡನೆಯ ಒತ್ತು ಮಸುಕಾಗಿಲ್ಲವೇ, ಅರ್ಕಾವತ್ತು ಅದರ ಜಾಗದಲ್ಲೇ ಇದೆಯೇ ಎಂದು ನೋಡುತ್ತೇನೆ. ಸರಿಯಿದ್ದರೆ ಆ ದಿನ ಊಟ ರುಚಿಸುತ್ತದೆ.

ಈಚಿನ ಬಹಳಷ್ಟು ಪ್ರಿಂಟರ್‌ಗಳಿಗೆ ಕಂಪನಿಯ ತಂತ್ರಾಂಶವೇ ಬೇಕಾಗಿಲ್ಲ. ಐಪಿಪಿ ಎವ್ರಿವೇರ್ ಎಂಬ ಒಪ್ಪಂದದಂತೆ ಪ್ರಿಂಟರೇ ತನ್ನ ಗುಣಗಳನ್ನು ಹೇಳಿಕೊಳ್ಳುತ್ತದೆ, ಕಪ್ಸ್ ಅದನ್ನು ಕೇಳಿ ಸರದಿ ಮಾಡಿಕೊಳ್ಳುತ್ತದೆ. ಪಿಪಿಡಿ ಕಡತಗಳ ಕಾಲ ಮುಗಿಯುತ್ತಾ ಬಂದಿದೆ. ಒಳ್ಳೆಯದೇ, ಮುಚ್ಚಿದ ಪ್ಲಗಿನ್‌ಗಳಿಗಾಗಿ ಯಾರೂ ಪರದಾಡಬೇಕಿಲ್ಲ. ಆದರೆ ಸಿಂಧನೂರಿನಲ್ಲಿ ಟೋನರ್ ತುಂಬಿಸುವವರು ಇರುವವರೆಗೆ ನಮ್ಮ ಹಳೆಯ ಯಂತ್ರಗಳು ಓಡುತ್ತಲೇ ಇರುತ್ತವೆ, ಅವಕ್ಕೆ ಎಚ್‌ಪಿಲಿಪ್ ಬೇಕೇ ಬೇಕು. ಶನಿವಾರ ಮಧ್ಯಾಹ್ನ ಗೆಳೆಯನ ಅಂಗಡಿಗೆ ಇನ್ನೊಂದು ಹಳೆಯ ಲೇಸರ್‌ಜೆಟ್ ಬರುವುದಿದೆ, ಅದು ನೆಟ್‌ವರ್ಕ್ ಇರುವಂಥದ್ದು. ಸರದಿಗೆ ಏನು ಹೆಸರಿಡಬೇಕೆಂದು ಅವನನ್ನು ಈಗಾಗಲೇ ಕೇಳಿಟ್ಟಿದ್ದೇನೆ.