ಓದುವ ಯಂತ್ರ ಬಂದಿದೆ, ಓದಿಸಿಕೊಳ್ಳುವ ಕನ್ನಡ ಬರಲಿ

ನಮ್ಮ ನಾಡಿನ ಈ ಮೂಲೆಯಲ್ಲಿ ಕಿವಿಗೆ ಮೊದಲಿನಿಂದಲೂ ದೊಡ್ಡ ಮರ್ಯಾದೆ. 1824ರಲ್ಲಿ ಕಿತ್ತೂರಿನಲ್ಲಿ ಬ್ರಿಟಿಷ್ ಕಲೆಕ್ಟರ್ ಥ್ಯಾಕರೆ ಬಿದ್ದದ್ದು, ಚೆನ್ನಮ್ಮ ರಾಣಿ ಬೈಲಹೊಂಗಲದ ಸೆರೆಯಲ್ಲಿ ಕೊನೆಯುಸಿರೆಳೆದದ್ದು, ಸಂಗೊಳ್ಳಿ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದ್ದು, ಇವನ್ನೆಲ್ಲ ನಮ್ಮ ಹಿರಿಯರು ಪುಸ್ತಕ ತೆರೆದು ಓದಿದವರಲ್ಲ. ಲಾವಣಿಕಾರರ ಬಾಯಿಂದ, ಗೀಗೀ ಮೇಳದ ದಪ್ಪಿನ ಸಪ್ಪಳದ ನಡುವೆ ಕೇಳಿ ತಿಳಿದವರು. ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ಚೌಡಿಕೆ ಮೀಟುವ ಜೋಗತಿಯರಿಗೂ ಪದಗಳು ಬಂದದ್ದು ಬಾಯಿಂದ ಕಿವಿಗೆ. ಕೇಳಿ ಕಲಿತದ್ದು ಓದಿ ಕಲಿತದ್ದಕ್ಕಿಂತ ಕಡಿಮೆ ಎಂದು ಇಲ್ಲಿ ಯಾರೂ ತಿಳಿದಿರಲಿಲ್ಲ. ಅದಕ್ಕೇ, ಕಂಪ್ಯೂಟರಿನ ಪರದೆಯನ್ನು ದನಿಯಾಗಿಸಿ ಹೇಳುವ ಸ್ಕ್ರೀನ್ ರೀಡರ್‌ಗಳ ಬಗ್ಗೆ ಹರಟೆಗೆ ಕೂತರೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳಿಗಿಂತ ಒಳ್ಳೆಯ ಜಗಲಿ ನನಗೆ ಬೇರೆ ಕಾಣುವುದಿಲ್ಲ.

ನಮ್ಮ ಕಡೆ ಮನೆಯಲ್ಲಿ ಕಣ್ಣಿಲ್ಲದ ಕೂಸು ಇದ್ದರೆ ಹಿರಿಯರ ಬಾಯಿಗೆ ಮೊದಲು ಬರುತ್ತಿದ್ದ ಮಾತು, ‘ಗದಗಿಗೆ ಕಳಿಸ್ರಿ’ ಎಂದು. ಗದಗ ಎಂದರೆ ವೀರೇಶ್ವರ ಪುಣ್ಯಾಶ್ರಮ. ಪಂಚಾಕ್ಷರಿ ಗವಾಯಿಗಳೂ ಅಂಧರು, ಅವರ ಶಿಷ್ಯ ಪುಟ್ಟರಾಜ ಗವಾಯಿಗಳೂ ಅಂಧರು. ಸಾವಿರಾರು ಮಕ್ಕಳಿಗೆ ಅವರು ಊಟ ಹಾಕಿ, ಸಂಗೀತ ಕಲಿಸಿ, ಊರಲ್ಲಿ ತಲೆಯೆತ್ತಿ ನಡೆಯುವಂತೆ ಮಾಡಿದರು. 2010ರಲ್ಲಿ ಪುಟ್ಟರಾಜರಿಗೆ ಪದ್ಮಭೂಷಣ ಬಂತು, ಅದೇ ಸೆಪ್ಟೆಂಬರಿನಲ್ಲಿ ಅವರು ಲಿಂಗೈಕ್ಯರಾದರು. ಆ ಋಣ ತೀರುವಂಥದ್ದಲ್ಲ. ಆದರೆ ಕಣ್ಣಿಲ್ಲದ ಪ್ರತಿ ಮಗುವಿಗೂ ಹಾಡೇ ಒಲಿಯಬೇಕೆಂದಿಲ್ಲವಲ್ಲ. ಒಬ್ಬನಿಗೆ ಲೆಕ್ಕ ಇಷ್ಟ, ಒಬ್ಬಳಿಗೆ ಕಾನೂನು ಓದುವ ಹಂಬಲ, ಇನ್ನೊಬ್ಬನಿಗೆ ಬ್ಯಾಂಕಿನ ಕುರ್ಚಿಯ ಮೇಲೆ ಮನಸ್ಸು. ಅವರಿಗೆಲ್ಲ ದಾರಿ ತೆರೆದದ್ದು ಮಾತಾಡುವ ಕಂಪ್ಯೂಟರು. ನಮ್ಮ ಬೆಳಗಾವಿ ಜಿಲ್ಲೆಯವರೇ ಆದ, ಎಳವೆಯಲ್ಲೇ ದೃಷ್ಟಿ ಕಳೆದುಕೊಂಡ ಜಿ. ಕೆ. ಮಹಾಂತೇಶ ಅವರು ಗೆಳೆಯ ನಾಗೇಶರ ಜೊತೆ 1997ರಲ್ಲಿ ಬೆಂಗಳೂರಿನಲ್ಲಿ ‘ಸಮರ್ಥನಂ’ ಕಟ್ಟಿದರು. ಅಂಥ ಸಂಸ್ಥೆಗಳಲ್ಲಿ ಕೀಲಿಮಣೆ ಕಲಿತು ನೌಕರಿ ಹಿಡಿದವರು ಈಗ ರಾಜ್ಯದ ತುಂಬ ಇದ್ದಾರೆ.

ಸ್ಕ್ರೀನ್ ರೀಡರ್ ತಂತ್ರಾಂಶ ಪರದೆಯನ್ನು ಫೋಟೋ ನೋಡಿದಂತೆ ನೋಡುತ್ತದೆ ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ಅದು ಪರದೆಯ ಹಿಂದಿನ ಬರಹವನ್ನು ಕೇಳಿ ಪಡೆಯುತ್ತದೆ: ಇಲ್ಲಿರುವುದು ಗುಂಡಿಯೋ, ಕೊಂಡಿಯೋ, ತಲೆಬರಹವೋ, ಹೆಸರು ತುಂಬುವ ಖಾನೆಯೋ? ಉತ್ತರ ಬಂದರೆ ದನಿಯಲ್ಲಿ ಹೇಳುತ್ತದೆ, ಅಥವಾ ಬ್ರೈಲ್ ಸಾಧನದ ಚುಕ್ಕೆಗಳಾಗಿ ಬೆರಳಿಗೆ ಮುಟ್ಟಿಸುತ್ತದೆ. ಅಂತರ್ಜಾಲದ ಪುಟದಲ್ಲಿ ‘ಎಚ್’ ಒತ್ತಿದರೆ ಮುಂದಿನ ತಲೆಬರಹ, ‘ಕೆ’ ಒತ್ತಿದರೆ ಮುಂದಿನ ಕೊಂಡಿ, ‘ಟಿ’ ಒತ್ತಿದರೆ ಮುಂದಿನ ಕೋಷ್ಟಕ. ತಲೆಬರಹಗಳನ್ನು ಸರಿಯಾಗಿ ಗುರುತಿಸಿದ ಪುಟವೆಂದರೆ ಸಾಲು ಹಿಡಿದು ಕೂತ ವಾರದ ಸಂತೆ. ಕಾಯಿಪಲ್ಲೆ ಬೇಕಾದವನು ಕಾಯಿಪಲ್ಲೆಯ ಸಾಲಿಗೆ, ಕಾಳು ಬೇಕಾದವನು ಕಾಳಿನ ಸಾಲಿಗೆ ನೆಟ್ಟಗೆ ಹೋಗುತ್ತಾನೆ. ಗುರುತಿಸದ ಪುಟದಲ್ಲಿ ಮೊದಲಕ್ಷರದಿಂದ ಕೊನೆಯಕ್ಷರದವರೆಗೆ ಎಲ್ಲವನ್ನೂ ಕೇಳಿಸಿಕೊಳ್ಳಬೇಕು. ಪಳಗಿದವರು ಎಷ್ಟು ವೇಗದಲ್ಲಿ ಕೇಳುತ್ತಾರೆಂದರೆ ಪಕ್ಕದಲ್ಲಿ ಕೂತ ನಮಗೆ ಒಂದು ಶಬ್ದವೂ ಬಿಡಿಸಿ ತಿಳಿಯುವುದಿಲ್ಲ. ಅವರು ಅದೇ ವೇಗದಲ್ಲಿ ಕೇಳುತ್ತ ತಪ್ಪು ಕಾಗುಣಿತವನ್ನೂ ಹಿಡಿಯುತ್ತಾರೆ.

ಈ ಯಂತ್ರಗಳ ಇತಿಹಾಸವೂ ಚೆಂದ. ಬಹಳ ವರ್ಷ ಜಗತ್ತಿನಲ್ಲಿ ಹೆಸರು ಮಾಡಿದ್ದು ‘ಜಾಸ್’. ಅದನ್ನು ಹುಟ್ಟುಹಾಕಿದ ಟೆಡ್ ಹೆಂಟರ್ ಅಮೆರಿಕದ ಮೋಟರ್‌ಸೈಕಲ್ ಪಂದ್ಯದ ಸವಾರ. 1978ರಲ್ಲಿ ಕಾರು ಅಪಘಾತದಲ್ಲಿ ಕಣ್ಣು ಕಳೆದುಕೊಂಡು, ಪ್ರೋಗ್ರಾಮಿಂಗ್ ಕಲಿತು, 1987ರಲ್ಲಿ ಕಂಪನಿ ಕಟ್ಟಿದ. ತಂತ್ರಾಂಶ ಚೊಕ್ಕವಾಗಿತ್ತು, ಆದರೆ ಬೆಲೆ ಸಾವಿರ ಡಾಲರಿನ ಆಸುಪಾಸು. ರಾಮದುರ್ಗದ ನೇಕಾರರ ಮನೆಯ ಹುಡುಗ ಅಷ್ಟು ಹಣ ಎಲ್ಲಿಂದ ತಂದಾನು? ಆ ಗೋಡೆಯನ್ನು ಕೆಡವಿದ್ದು ಆಸ್ಟ್ರೇಲಿಯದ ಮೈಕೆಲ್ ಕರ‍್ರನ್. ಆತನೂ ಅಂಧ. ಕಣ್ಣಿದ್ದವರಿಗೆ ಕಂಪ್ಯೂಟರಿನ ಬೆಲೆಯಷ್ಟೇ ಸಾಕಾದರೆ, ತಮ್ಮಂಥವರು ಅದರ ಮೇಲೆ ಮತ್ತಷ್ಟು ತೆರಬೇಕಾದದ್ದು ಆತನಿಗೆ ಸರಿ ಕಾಣಲಿಲ್ಲ. 2006ರಲ್ಲಿ ‘ಎನ್‌ವಿಡಿಎ’ ಬರೆಯತೊಡಗಿದ. ಗೆಳೆಯ ಜೇಮ್ಸ್ ಟೆ ಕೈಜೋಡಿಸಿದ. ಇಬ್ಬರಿಗೂ ಪರಿಚಯವಾಗಿದ್ದು ಎಲ್ಲಿ ಅಂದೀರಿ? ಚಿಕ್ಕವರಿದ್ದಾಗ, ಅಂಧ ಮಕ್ಕಳ ಸಂಗೀತ ಶಿಬಿರದಲ್ಲಿ! ಗದಗಿನ ಆಶ್ರಮವನ್ನು ಬಲ್ಲ ನಮಗೆ ಈ ಸಂಗತಿ ಕೇಳಿದಾಗ ಮನಸ್ಸು ಅರಳುತ್ತದೆ. ಸಂಗೀತಕ್ಕೆಂದು ಕೂಡಿದ ಮಕ್ಕಳು ಬೆಳೆದು ಲೋಕಕ್ಕೆ ಓದು ಕೊಟ್ಟರು. ಎನ್‌ವಿಡಿಎ ಉಚಿತ, ಅದರ ಮೂಲ ಸಂಕೇತವನ್ನು ಯಾರು ಬೇಕಾದರೂ ನೋಡಬಹುದು, ತಿದ್ದಬಹುದು. 50ಕ್ಕೂ ಹೆಚ್ಚು ಭಾಷೆಗಳಿಗೆ ಸ್ವಯಂಸೇವಕರೇ ಅದನ್ನು ತಂದಿದ್ದಾರೆ. ಅದರೊಳಗೇ ಬರುವ ‘ಇಸ್ಪೀಕ್’ ಎಂಬ ಪುಟ್ಟ ದನಿಯಂತ್ರಕ್ಕೆ ಕನ್ನಡವೂ ಗೊತ್ತು. ದನಿ ಒರಟು, ನಿಜ. ಆದರೆ ಹಳೆಯ ಕಂಪ್ಯೂಟರಿನಲ್ಲೂ ತಡವರಿಸದೆ ಓದುತ್ತದೆ.

ಇನ್ನು ಹೊಸ ಸೌಲಭ್ಯಗಳ ಮಾತಿಗೆ ಬರೋಣ. ಎನ್‌ವಿಡಿಎಯ 2019ರ ಆವೃತ್ತಿಯಲ್ಲಿ ‘ಸ್ಕ್ರೀನ್ ಕರ್ಟನ್’ ಬಂತು. ಅದನ್ನು ಹಾಕಿದರೆ ಪರದೆ ಪೂರ್ತಿ ಕಪ್ಪಾಗುತ್ತದೆ, ದನಿ ಮಾತ್ರ ನಡೆದಿರುತ್ತದೆ. ಬಸ್ಸಿನಲ್ಲಿ ಕೂತು ಬ್ಯಾಂಕಿನ ಲೆಕ್ಕ ನೋಡುವಾಗ ಪಕ್ಕದವರು ಇಣುಕುವಂತಿಲ್ಲ. ಕಣ್ಣಿಲ್ಲದವರಿಗೆ ಗುಟ್ಟು ಎಂಬುದೊಂದು ಉಂಟು ಎಂದು ನಮ್ಮ ಸಮಾಜ ನೆನೆಸುವುದೇ ಕಡಿಮೆ. ಪತ್ರ ಓದಿಸಲು ಒಬ್ಬರು, ಪಾಸ್‌ಬುಕ್ ನೋಡಿಸಲು ಇನ್ನೊಬ್ಬರು, ಎಲ್ಲರಿಗೂ ಎಲ್ಲ ಗೊತ್ತು. ಆ ಖಾಸಗಿತನ ಮರಳಿ ಸಿಕ್ಕಿದ್ದನ್ನು ನಾನು ದೊಡ್ಡ ಘನತೆ ಎನ್ನುತ್ತೇನೆ. 2024ರಲ್ಲಿ ಕೇಳಿದಾಗ ಮಾತ್ರ ಮಾತಾಡುವ ಬಗೆ ಬಂತು. ಉಳಿದ ಹೊತ್ತು ಸುಮ್ಮನಿರುತ್ತದೆ. ಅದೇ ವರ್ಷ ಓದುವ ದನಿಯನ್ನು ಒಂದು ಕಿವಿಗೆ, ಹಾಡು ಅಥವಾ ಸಭೆಯ ಮಾತನ್ನು ಇನ್ನೊಂದು ಕಿವಿಗೆ ಹಂಚುವ ಅನುಕೂಲವೂ ಸೇರಿತು. ಅತ್ತ ಗುರುಗಳ ಪಾಠ, ಇತ್ತ ತನ್ನ ಟಿಪ್ಪಣಿ.

ಈ ನಾಲ್ಕು ತಾಲೂಕುಗಳ ಮಟ್ಟಿಗೆ ನನಗೆ ಎಲ್ಲಕ್ಕಿಂತ ಮಿಗಿಲೆನಿಸಿದ್ದು 2025ರ ಮೊದಲ ಆವೃತ್ತಿಯಲ್ಲಿ ಒಳಗೇ ಸೇರಿಕೊಂಡ ‘ರಿಮೋಟ್ ಆ್ಯಕ್ಸೆಸ್’. ಮೊದಲು ಇದನ್ನು ಬೇರೆಯಾಗಿ ಹಾಕಿಕೊಳ್ಳಬೇಕಿತ್ತು. ಒಬ್ಬರು ‘ನನ್ನ ಕಂಪ್ಯೂಟರ್ ನಡೆಸಿರಿ’ ಎಂದು ಒಪ್ಪಿಗೆ ಕೊಡುತ್ತಾರೆ, ಇಬ್ಬರೂ ಒಂದೇ ಗುಪ್ತಪದ ಹಾಕುತ್ತಾರೆ. ಆಮೇಲೆ ಬೆಳಗಾವಿಯಲ್ಲಿ ಕೂತ ಅಂಧ ಗುರು ರಾಮದುರ್ಗದ ಶಿಷ್ಯನ ಯಂತ್ರವನ್ನು ತನ್ನ ಕೀಲಿಮಣೆಯಿಂದಲೇ ನಡೆಸಬಲ್ಲ, ಅದು ಆಡುವ ಮಾತನ್ನು ಅಲ್ಲಿಂದಲೇ ಕೇಳಬಲ್ಲ. ಈ ನಾಲ್ಕೂ ಊರುಗಳಿಗೆ ರೈಲಿಲ್ಲ. ಧಾರವಾಡದಿಂದ ಕಿತ್ತೂರಿನ ಮೇಲೆ ಬೆಳಗಾವಿಗೆ ಹಳಿ ಬರುತ್ತದೆಂಬ ಮಾತಿದೆ, ಆದರೆ ರೈಲು ಇನ್ನೂ ಓಡಿಲ್ಲ. ಕೋಲು ಹಿಡಿದು ಎರಡು ಬಸ್ಸು ಬದಲಿಸಿ ಜಿಲ್ಲಾ ಕೇಂದ್ರಕ್ಕೆ ಹೋಗಿ ಒಂದು ತಾಸು ಪಾಠ ಕೇಳಿ ಕತ್ತಲಾಗುವುದರೊಳಗೆ ಮನೆ ಸೇರುವುದು ಸಣ್ಣ ಕೆಲಸವಲ್ಲ. ಹೆಣ್ಣುಮಕ್ಕಳಿಗಂತೂ ಮನೆಯವರು ಕಳಿಸುವುದೇ ಇಲ್ಲ. ಅಂಥ ಹುಡುಗಿಗೆ ಈಗ ಪಡಸಾಲೆಯಲ್ಲೇ ಕೂತು ಕಲಿಯಲು ಬರುತ್ತದೆ.

ಇಷ್ಟೆಲ್ಲ ಇದ್ದೂ ನಮ್ಮ ಊರುಗಳಲ್ಲಿ ಓದು ಎಲ್ಲಿ ನಿಂತುಬಿಡುತ್ತದೆ ಎಂಬುದನ್ನು ನನಗೆ ತಿಳಿಹೇಳಿದವನು ರಾಮದುರ್ಗ ಕಡೆಯ ಒಬ್ಬ ಹುಡುಗ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದಾನೆ, ಹುಟ್ಟಿನಿಂದ ಕಣ್ಣಿಲ್ಲ.

‘ಕಾಕಾ, ಇಂಗ್ಲಿಷ್ ಪುಸ್ತಕ ಹೊಳಿ ಹರದಂಗ ಓದತೈತಿ. ಕನ್ನಡ ನೋಟ್ಸ್ ತಗದರ ಪೌಂಡ್, ಪೌಂಡ್ ಅಂತ ಕುಂದರತೈತಿ,’ ಅಂದ.

‘ಪೌಂಡ್ ಅಂದ್ರ ಏನೋ ತಮ್ಮಾ?’

‘ನುಡಿ ಅಕ್ಷರದಾಗ ಟೈಪ್ ಮಾಡ್ಯಾರ್ರಿ. ನಿಮ್ಮ ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಅದು ಕನ್ನಡ ಅಲ್ಲ.’

ಅವನು ಹೇಳಿದ್ದು ಅಕ್ಷರಶಃ ಸತ್ಯ. ಹಳೆಯ ನುಡಿ, ಬರಹ ಮುಂತಾದ ಫಾಂಟುಗಳು ಇಂಗ್ಲಿಷಿನ ಮತ್ತು ಯುರೋಪಿನ ಅಕ್ಷರಚಿಹ್ನೆಗಳ ಜಾಗದಲ್ಲಿ ಕನ್ನಡದ ತುಣುಕುಗಳ ಚಿತ್ರ ಕೂರಿಸಿದವು. ‘ಕ’ ಎಂದು ಮೂಡಿದ ಕಡೆ ಯಂತ್ರದೊಳಗೆ ಇರುವುದು ದೊಡ್ಡ ‘ಪಿ’ ಮತ್ತು ತಲೆಯ ಮೇಲೆ ಗೆರೆಯುಳ್ಳ ಒಂದು ‘ಎ’. ‘ನ’ ಅಕ್ಷರದ ಮೊದಲರ್ಧ ಇಂಗ್ಲೆಂಡಿನ ಪೌಂಡ್ ಹಣದ ಚಿಹ್ನೆ. ಕಾಗದದ ಮೇಲೆ ಅಚ್ಚಾದಾಗ ಎಲ್ಲ ಸುಂದರ. ಕನ್ನಡ ಕಂಪ್ಯೂಟರಿಗೆ ಬಂದ ಕಾಲದಲ್ಲಿ ಅದು ದೊಡ್ಡ ಉಪಕಾರವನ್ನೇ ಮಾಡಿತು, ಅಚ್ಚುಮನೆಗಳಿಗೆ ಜೀವ ಕೊಟ್ಟಿತು. ಆದರೆ ದನಿಯಾಗಬೇಕಾದಾಗ ಆ ಬರಹ ಮೂಕ. ಯುನಿಕೋಡಿನಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೂ ಅದರದೇ ಸಂಖ್ಯೆ ಉಂಟು. 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಜಾಗ ಸಿಕ್ಕಿದೆ. ಈಗಿನ ‘ನುಡಿ’ಯೂ ಯುನಿಕೋಡಿನಲ್ಲಿ ಬರೆಯುತ್ತದೆ. ಹಳೆಯ ಕಡತವನ್ನು ಯುನಿಕೋಡಿಗೆ ತಿರುಗಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಉಳಿದಿರುವುದು ನಮ್ಮ ರೂಢಿಯೊಂದೇ.

ಎರಡನೆಯ ತಡೆ ಚಿತ್ರ. ಪಂಚಾಯಿತಿಯ ನೋಟೀಸು, ಪ್ಯಾಟಿಯ ಹತ್ತಿ ಧಾರಣಿ, ನೌಕರಿಯ ಜಾಹೀರಾತು, ಲಗ್ನಪತ್ರಿಕೆ, ಎಲ್ಲವೂ ಈಗ ವಾಟ್ಸಾಪಿನಲ್ಲಿ ಫೋಟೋ ಆಗಿ ಬರುತ್ತವೆ. ಫೋಟೋದೊಳಗಿನ ಅಕ್ಷರ ಯಂತ್ರದ ಪಾಲಿಗೆ ಬರಿಯ ಬಣ್ಣದ ಚುಕ್ಕೆ. ಇಲ್ಲೂ ಒಳ್ಳೆಯ ಸುದ್ದಿ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ. ಜಿ. ರಾಮಕೃಷ್ಣನ್ ಅವರ ಪ್ರಯೋಗಾಲಯ ಅಚ್ಚಾದ ಕನ್ನಡವನ್ನು ಗುರುತಿಸಿ ಪಠ್ಯವಾಗಿಸುವ ‘ಲಿಪಿ ಜ್ಞಾನಿ’ಯನ್ನು ರೂಪಿಸಿದೆ. ಆಂಡ್ರಾಯ್ಡ್ ಫೋನಿನ ‘ಟಾಕ್‌ಬ್ಯಾಕ್’ 2024ರಿಂದ ಕೃತಕ ಬುದ್ಧಿಮತ್ತೆಯ ನೆರವಿನಿಂದ ಚಿತ್ರ ಬಣ್ಣಿಸುತ್ತಿದೆ. ‘ಜಾಸ್’ ಕೂಡ ಅದನ್ನೇ ಮಾಡುತ್ತದೆ. ಅಂಗಳದಲ್ಲಿ ನಿಂತ ಎತ್ತಿನ ಜೋಡಿಯ ಫೋಟೋ ಎಂದು ಹೇಳಲು ಇದು ಸಾಕು. ಆದರೆ ಅರ್ಜಿಯ ಕೊನೆಯ ದಿನಾಂಕವನ್ನೋ ಉತಾರದ ಸರ್ವೆ ನಂಬರನ್ನೋ ಊಹೆಯ ಮೇಲೆ ನಂಬಲಾಗದು. ಒಂದು ಅಂಕಿ ತಪ್ಪಿದರೆ ಹೊಲವೇ ಬೇರೆಯಾಗುತ್ತದೆ. ಬರೆದವರೇ ಅಕ್ಷರವಾಗಿ ಕೊಟ್ಟರೆ ಊಹೆಯ ಮಾತೇ ಬರುವುದಿಲ್ಲ.

ಇದು ದಯೆಯ ವಿಷಯವೂ ಅಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಮಾಹಿತಿಯನ್ನು ಎಲ್ಲರಿಗೂ ಎಟುಕುವಂತೆ ಕೊಡಬೇಕೆನ್ನುತ್ತದೆ. ಬ್ಯಾಂಕಿನ ಇ-ಕೆವೈಸಿಯಲ್ಲಿ ಕ್ಯಾಮೆರಾದ ಮುಂದೆ ಕಣ್ಣು ಮಿಟುಕಿಸಿ ತಾನು ಜೀವಂತ ಎಂದು ತೋರಿಸಬೇಕೆಂಬ ನಿಯಮ ಇತ್ತಲ್ಲ, ಅದನ್ನು ಪ್ರಶ್ನಿಸಿ ಆ್ಯಸಿಡ್ ದಾಳಿಗೆ ಒಳಗಾದವರೂ ಅಂಧರೂ ಸುಪ್ರೀಂ ಕೋರ್ಟಿಗೆ ಹೋದರು. 2025ರ ಏಪ್ರಿಲ್ 30ರಂದು ತೀರ್ಪು ಬಂತು: ಡಿಜಿಟಲ್ ಸೇವೆ ಕೈಗೆಟುಕುವುದು ಸಂವಿಧಾನದ 21ನೆಯ ವಿಧಿ ಕೊಟ್ಟ ಬದುಕಿನ ಹಕ್ಕಿನ ಭಾಗ. ಕೋರ್ಟು 20 ನಿರ್ದೇಶನಗಳನ್ನು ಕೊಟ್ಟಿತು. ದಿಲ್ಲಿಯ ಆ ಮಾತು ಸವದತ್ತಿಯ ಕಚೇರಿಯ ಮೇಜಿಗೆ ತಲುಪಬೇಕು.

ತಲುಪಿಸುವ ಕೆಲಸ ಕಠಿಣವೇನಲ್ಲ. ಬೈಲಹೊಂಗಲದ ಬಜಾರಿನ ಡಿಟಿಪಿ ಅಂಗಡಿಯವರು ಯುನಿಕೋಡಿನಲ್ಲಿ ಟೈಪ್ ಮಾಡಲಿ. ಪಿಡಿಎಫ್ ಮಾಡುವವರು ಕಾಗದ ಸ್ಕ್ಯಾನ್ ಮಾಡುವ ಬದಲು ಮೂಲ ಕಡತದಿಂದಲೇ ಮಾಡಲಿ. ದೊಡ್ಡಕ್ಷರ, ದಪ್ಪಕ್ಷರ ಹಾಕಿ ತಲೆಬರಹ ಎನ್ನಿಸುವ ಬದಲು ತಲೆಬರಹದ ಶೈಲಿಯನ್ನೇ ಆರಿಸಲಿ. ಚಿತ್ರ ಹಾಕಿದರೆ ಜೊತೆಗೆ ಒಂದು ಸಾಲಿನ ವಿವರ ಇರಲಿ. ಗ್ರಾಮ ಪಂಚಾಯಿತಿಗಳಲ್ಲಿ ಅಂಗವಿಕಲರಿಗಾಗಿಯೇ ನೇಮಕವಾದ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಎನ್‌ವಿಡಿಎ ಹಾಕಿಕೊಡುವುದನ್ನು ಅವರಿಗೆ ಕಲಿಸಿದರೆ ಹಳ್ಳಿಹಳ್ಳಿಗೂ ಒಬ್ಬ ಗುರು ಸಿಕ್ಕಂತೆ. ಕಾಲೇಜಿನ ಅಧ್ಯಾಪಕರು ತಮ್ಮ ನೋಟ್ಸನ್ನು ಒಮ್ಮೆ ಪರಿವರ್ತಕದಲ್ಲಿ ಹಾಯಿಸಿ, ತಪ್ಪು ನೋಡಿ ಕೊಟ್ಟರೆ, ಒಬ್ಬ ವಿದ್ಯಾರ್ಥಿಗೆ ಮಾಡಿದ ಆ ಕೆಲಸ ಕನ್ನಡ ಓದುವ ಎಲ್ಲ ಅಂಧ ಮಕ್ಕಳಿಗೂ ಒದಗುತ್ತದೆ.

ಆಸ್ಟ್ರೇಲಿಯದ ಇಬ್ಬರು ಅಂಧ ಗೆಳೆಯರು ತಮ್ಮ ಪಾಲಿನ ದುಡಿಮೆಯನ್ನು ದುಡ್ಡು ಕೇಳದೆ ನಮ್ಮ ಮನೆಬಾಗಿಲಿಗೆ ತಂದಿಟ್ಟಿದ್ದಾರೆ. ಕನ್ನಡದ ಪಾಲಿನ ದುಡಿಮೆಯನ್ನು ಅವರಿಂದ ಬಯಸುವುದು ನ್ಯಾಯವಲ್ಲ. ಅದು ಕನ್ನಡ ಟೈಪ್ ಮಾಡುವ ನಮ್ಮ ಬೆರಳುಗಳ ಕೆಲಸ, ಇವತ್ತೇ ಶುರು ಮಾಡಬಹುದಾದ ಕೆಲಸ.